ಬೇಲಿಯಾಚೆಯ ಟವೆಲ್ಲು

ವಿಮಾನ ತರಬೇತಿ ಕೇಂದ್ರದ ಹಾಸ್ಟೆಲ್
15 ಮಾರ್ಚ್ 2024

ಅಪ್ಪಾಜಿ,

ನಮಸ್ಕಾರ. ಎಡಗೈಗೆ ಪಟ್ಟಿ ಹಾಕಿದ್ದಾರೆ, ಬಲಗೈ ಗಟ್ಟಿ ಇದೆ, ಹಾಗಾಗಿ ಬರೆಯುತ್ತಿದ್ದೇನೆ. ಫೋನು ಇರುವಾಗ ಕಾಗದ ಯಾಕೆ ಅಂತ ಅವ್ವ ಕೇಳುತ್ತಾಳೆ. ಫೋನು ಮಾಡಿದರೆ ನೀವು ಸ್ಪೀಕರ್ ಹಾಕುತ್ತೀರಿ, ಅದಕ್ಕೆ. ಬಿಜ್ಜರಗಿಯ ಶೆಡ್ಡಿನಲ್ಲಿ ದ್ರಾಕ್ಷಿ ಹರಡುವ ಹೆಂಗಸರೆಲ್ಲ ಕೇಳಿಸಿಕೊಳ್ಳುತ್ತಾರೆ, ಬಬಲೇಶ್ವರದಿಂದ ಬಂದು ಕೂತಿರುವ ನಿಮ್ಮ ತಂಗಿ ಚಂದ್ರಕಲಾ ಅತ್ತಿ ನಡುವೆ ಬಾಯಿ ಹಾಕುತ್ತಾಳೆ, ಹಿಂದೆ ಅಶ್ಫಾಕನ ಟ್ರ್ಯಾಕ್ಟರ್ ಗುಡುಗುತ್ತದೆ. "ಏನಂದಿ? ಏನಂದಿ?" ಅಂತ ನೀವು ಒದರುತ್ತೀರಿ, ನಾನೂ ಒದರುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಭಾನುವಾರ ನಡೆದದ್ದು ನಿಮ್ಮ ಕಣ್ಣ ಮುಂದೆಯೇ ನಡೆಯಿತು. ಆದರೂ ಬರೆಯುತ್ತೇನೆ, ಯಾಕೆಂದರೆ ವಿಮಾನಕ್ಕೆ ಬೆಂಕಿ ಬಿತ್ತು ಅಂತ ತಿಕೋಟಾದಲ್ಲಿ ಸುದ್ದಿ ಹಬ್ಬಿದೆಯಂತೆ. ಬೆಂಕಿ ಬಿದ್ದಿಲ್ಲ. ಅವತ್ತು ಮೊದಲ ಸಲ, ಪಕ್ಕದಲ್ಲಿ ಹಾರಲು ಕಲಿಸುವ ಶಿವಾಜಿ ಸರ್ ಇಲ್ಲದೆ, ಒಬ್ಬಳೇ ಏರಿದ್ದೆ. ಏರುವಾಗ ಗಾಳಿ ಸುಮ್ಮನಿತ್ತು. ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ರನ್‌ವೇಗೆ ಅಡ್ಡಲಾಗಿ ಎದ್ದಿತು. ಮೊದಲ ಸಲ ಇಳಿಯಲು ಬಂದಾಗ ರೆಕ್ಕೆ ತೂಗಾಡಿತು, ಬೇಡವೆಂದು ಮತ್ತೆ ಮೇಲೇರಿದೆ. ಎರಡನೆಯ ಸಲ ಇಳಿಸಿಯೇಬಿಟ್ಟೆ. ಚಕ್ರ ನೆಲ ಮುಟ್ಟಿ ಪುಟಿಯಿತು, ಗಾಳಿ ಒಂದು ಕಡೆಯ ರೆಕ್ಕೆ ಎತ್ತಿತು, ಮುಂದಿನ ಚಕ್ರ ಮುರಿದು ಮೂತಿ ನೆಲಕ್ಕೆ ಬಡಿಯಿತು. ಗಾಳಿಯದು ಅರ್ಧ ತಪ್ಪು, ನನ್ನದು ಅರ್ಧ. ಇದಕ್ಕಿಂತ ಹೆಚ್ಚು ಹೇಳುವುದು ಏನೂ ಇಲ್ಲ.

ಕೈ ನೆಟ್ಟಗಾದ ಮೇಲೆ ನನಗೆ ಮತ್ತೊಂದು ಪರೀಕ್ಷೆಯ ಹಾರಾಟ ಕೊಡುತ್ತಾರೆ. ಮುಂಗಾರು ಹಿಡಿಯುವ ಮುಂಚೆ, ಜೂನ್ ಎರಡನೆಯ ವಾರದೊಳಗೆ ಅದು ಆಗಬೇಕು. ಆಗದಿದ್ದರೆ ನನ್ನ ಹೆಸರು ತೆಗೆದುಹಾಕುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ನೀವು ಏನೂ ಮಾಡಬೇಡಿ. ಏನೂ ಮಾಡದೆ ಇರುವುದು ನಿಮಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನಿಮ್ಮ ಮಗಳು
ಶಾಂಭವಿ


ತಿಕೋಟಾ
23 ಮಾರ್ಚ್ 2024

ಮಗಳು ಶಾಂಭವಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಓದಿದೆ. ನಿಮ್ಮವ್ವನಿಗೂ ಓದಿ ಹೇಳಿದೆ. ಆಕೆ ಅತ್ತಳು, ಆಮೇಲೆ ಶೇಂಗಾ ಹಿಂಡಿ ಕುಟ್ಟಲು ಕೂತಳು. ಡಬ್ಬಿ ಇದರ ಜೊತೆಗೇ ಬರುತ್ತದೆ, ರೂಮಿನ ಹುಡುಗಿಯರಿಗೆ ಹಂಚಿ ಖಾಲಿ ಮಾಡಬೇಡ.

ಗಾಳಿಯ ಮೇಲೆ ತಪ್ಪು ಹೊರಿಸಿದ್ದೀ. ಗಾಳಿಯಿಂದ ನಮ್ಮ ಮನೆ ನಡೆದಿದೆ ಮಗಳೇ. ಗಾಳಿ ಆಡದಿದ್ದರೆ ಶೆಡ್ಡಿನಲ್ಲಿ ಹರಡಿದ ದ್ರಾಕ್ಷಿ ಕಪ್ಪಾಗಿ ಕೂರುತ್ತದೆ, ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ. ಈ ವರ್ಷ ಗಾಳಿ ಚೆನ್ನಾಗಿ ಬಿಟ್ಟಿದೆ, ಮಾಲು ಹಸಿರು ಬಣ್ಣ ಕಟ್ಟಿದೆ. ಅಂಥ ಗಾಳಿ ನಿನ್ನ ವಿಮಾನವನ್ನು ಯಾಕೆ ಮುರಿಯುತ್ತದೆ? ನಮ್ಮ ಟ್ರಾಲಿಗೆ ಕ್ರೇಟು ಹೇರಿ ಬಿಜ್ಜರಗಿಯ ಕಲ್ಲುದಾರಿಯಲ್ಲಿ ವರ್ಷಗಟ್ಟಲೆ ಓಡಿಸಿದ್ದೇವೆ, ಅಚ್ಚು ಮುರಿದಿಲ್ಲ. ಅವರ ಚಕ್ರ ಒಂದು ಸಲ ಪುಟಿದಿದ್ದಕ್ಕೆ ಮುರಿಯಿತು. ಯಾರ ತಪ್ಪು ಅಂತ ಕೂಸಿಗೂ ತಿಳಿಯುತ್ತದೆ.

ವಿಜಯಪುರದ ಅಥಣಿ ರಸ್ತೆಯಲ್ಲಿ ನಮ್ಮ ವಕೀಲ ಸಂಗನಬಸವ ಇದ್ದಾನಲ್ಲ, ಅವನಿಂದ ದೂರು ಬರೆಸಿ ಮೇಲಿನ ಕಚೇರಿಗೆ ಕಳಿಸಿದ್ದೇನೆ. ವಿಮಾನ ಹಳೆಯದು, ಚಕ್ರ ಸವೆದಿತ್ತು, ಆ ಶಿವಾಜಿ ಮಾಸ್ತರ ನಿಗಾ ಇಡಲಿಲ್ಲ. "ಹೆಣ್ಣ ಹುಡುಗಿ ಜೀವದ ಕೂಡ ಆಟ ಆಡ್ಯಾರ, ಬಿಡೂದಿಲ್ಲ ಕಾಕಾ" ಅಂದ ಸಂಗನಬಸವ. ನೀನು ಏನೂ ಚಿಂತೆ ಮಾಡಬೇಡ.

ಬೇಲಿಯ ಹತ್ತಿರ ನಾವು ಇಷ್ಟು ಮಂದಿ ನಿಂತಿದ್ದೆವಲ್ಲ, ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ನಮಗೆ ಏನೂ ಸರಿಯಾಗಿ ಕಾಣಲಿಲ್ಲ. ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು.

ಅಪ್ಪ
ಶಿವಯೋಗೆಪ್ಪ


ಹಾಸ್ಟೆಲ್
3 ಏಪ್ರಿಲ್ 2024

ಅಪ್ಪಾಜಿ,

ಏನೂ ಮಾಡಬೇಡಿ ಅಂದಿದ್ದೆ. ನೀವು ಎಲ್ಲವನ್ನೂ ಮಾಡಿದ್ದೀರಿ.

ನಿನ್ನೆ ನನ್ನನ್ನು ಆಫೀಸಿಗೆ ಕರೆದಿದ್ದರು. ಮೇಲಿನಿಂದ ದೂರಿನ ಪ್ರತಿ ಬಂದಿದೆ. ಅದು ಇತ್ಯರ್ಥವಾಗುವ ತನಕ ನನಗೆ ವಿಮಾನ ಕೊಡುವಂತಿಲ್ಲ. ಇತ್ಯರ್ಥ ಯಾವಾಗ ಅಂತ ಕೇಳಿದರೆ ಮೇಜಿನ ಹಿಂದೆ ಕೂತವರು ಮೇಲೆ ಫ್ಯಾನ್ ನೋಡಿದರು. ಆರು ತಿಂಗಳೂ ಆಗಬಹುದು. ನನಗಿರುವುದು ಜೂನ್ ತನಕ. ನನ್ನ ಜೊತೆಗೆ ಸೇರಿದವರು ದಿನಾ ಬೆಳಿಗ್ಗೆ ಹಾರುತ್ತಾರೆ, ನಾನು ಕಟ್ಟೆಯ ಮೇಲೆ ಕೂತು ಅವರ ಚಕ್ರ ನೆಲ ಮುಟ್ಟುವುದನ್ನು ನೋಡುತ್ತೇನೆ. ಪಟ್ಟಿ ಬಿಚ್ಚಿದ್ದಾರೆ, ಕೈ ಸರಿಯಾಗಿದೆ. ಕೈ ಸರಿಯಾಗಿ ಏನು ಬಂತು?

ವಿಮಾನ ಸರಿಯಾಗಿತ್ತು. ಬೆಳಿಗ್ಗೆ ಚಕ್ರ ಮುಟ್ಟಿ ನೋಡಿದವಳು ನಾನೇ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ, ಆ ಮಾತು ನನಗೆ ಅಂಟುವ ಹಾಗೆ ಮಾಡುತ್ತಿದ್ದೀರಿ.

ಒಂದು ವಿಷಯ ತಿಳಿಸುತ್ತೇನೆ, ಸಿಟ್ಟಾಗದೆ ಓದಿ. ಇಲ್ಲಿ ಗೋ ಅರೌಂಡ್ ಅಂತ ಇದೆ. ಇಳಿಯಲು ಬಂದಾಗ ಗಾಳಿ ಸರಿ ಇಲ್ಲ ಅನಿಸಿದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರಿ ಇನ್ನೊಂದು ಸುತ್ತು ಹಾಕಿ ಬರುವುದು. ಅದು ಸೋಲಲ್ಲ. ಎಷ್ಟು ಸಲ ಬೇಕಾದರೂ ಹೋಗಬಹುದು. ಆ ದಿನ ಎರಡನೆಯ ಸಲವೂ ನಾನು ಮೇಲೇರಬೇಕಿತ್ತು. ಏರಲಿಲ್ಲ. ನನ್ನ ಹೇಳಿಕೆಯಲ್ಲಿ ಅಷ್ಟೇ ಬರೆದುಕೊಟ್ಟಿದ್ದೇನೆ.

ದೂರು ವಾಪಸ್ ತೆಗೆದುಕೊಳ್ಳಿ. ಒಂದು ಸಾಲು ಬರೆದರೆ ಸಾಕಂತೆ.

ಇನ್ನೊಂದು ಮಾತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಅಂತ ಬರೆದಿದ್ದೀರಿ. ಸೂರ್ಯ ನಿಮ್ಮ ಬೆನ್ನಿಗಿದ್ದ, ಅಪ್ಪಾಜಿ. ಹೋಗಲಿ ಬಿಡಿ.

ಶಾಂಭವಿ


ತಿಕೋಟಾ
11 ಏಪ್ರಿಲ್ 2024

ಶಾಂಭವಿಗೆ,

ಈ ಕಾಗದ ನಿನ್ನದಲ್ಲ. ಅಕ್ಷರ ನಿನ್ನವು, ಮಾತು ಅವರವು. ನಿನ್ನನ್ನು ಆಫೀಸಿಗೆ ಕರೆದು ಕೂರಿಸಿ, ಹೆದರಿಸಿ ಬರೆಸಿದ್ದಾರೆ. ನನ್ನ ಮಗಳು ನನಗೆ "ಸೂರ್ಯ ನಿಮ್ಮ ಬೆನ್ನಿಗಿದ್ದ" ಅಂತ ಬರೆಯುವವಳಲ್ಲ. ಸಂಗನಬಸವನಿಗೆ ತೋರಿಸಿದೆ. "ಕಾಕಾ, ಇದು ಒತ್ತಡ ಹಾಕಿ ಬರಿಸಿದ್ದು, ನಮಗ ಇನ್ನೂ ಚಲೋ ಆತು" ಅಂದ. ಇದನ್ನೂ ದೂರಿಗೆ ಜೋಡಿಸುತ್ತಾನಂತೆ.

ಮತ್ತೆ ಮೇಲೇರಿ ಹೋಗುವುದು ಸೋಲಲ್ಲ ಅಂತ ನಿಮ್ಮ ಪುಸ್ತಕದಲ್ಲಿ ಬರೆದಿರಬಹುದು. ಬೇಲಿಯ ಹತ್ತಿರ ನಿಂತವರಿಗೆ ಆ ಪುಸ್ತಕ ಯಾರೂ ಓದಿ ಹೇಳಿರಲಿಲ್ಲ. ಎರಡು ಗಾಡಿ ತುಂಬ ಮಂದಿ ಕರೆದುಕೊಂಡು, ಹಾರ, ಕಾಯಿ, ಪೇಢೆ ಹಿಡಿದುಕೊಂಡು ಬಂದಿದ್ದೆ. ಅದು ನೆನಪಿರಲಿ.

ಅಲ್ಲಿ ಸಾಕಾದರೆ ಬಂದುಬಿಡು. ವಿಜಯಪುರದಲ್ಲಿ ಅಥಣಿ ರಸ್ತೆಯ ನಮ್ಮ ಮನೆಯ ಕೆಳಗಿನ ಭಾಗ ಖಾಲಿ ಇದೆ. ಒಣದ್ರಾಕ್ಷಿಯ ಪ್ಯಾಕಿಂಗ್ ಅಲ್ಲಿಗೇ ತಂದರೆ ನೀನೇ ನೋಡಿಕೊಳ್ಳಬಹುದು. ಅಲ್ಲಿ ಗಾಳಿಯೂ ಇಲ್ಲ, ಮಾಸ್ತರರೂ ಇಲ್ಲ.

ಅಪ್ಪ


ಹಾಸ್ಟೆಲ್
18 ಏಪ್ರಿಲ್ 2024

ಅಪ್ಪಾಜಿ,

ಈ ಕಾಗದ ನನ್ನದೇ. ಯಾರೂ ಬರೆಸುತ್ತಿಲ್ಲ. ಸಂಗನಬಸವ ಅಣ್ಣನಿಗೆ ಇದನ್ನು ತೋರಿಸಬೇಡಿ. ತೋರಿಸಿದರೆ ನಾನು ನಿಮ್ಮ ಜೊತೆ ಮಾತು ಬಿಡುತ್ತೇನೆ.

ನನಗೆ ಟ್ರ್ಯಾಕ್ಟರ್ ಕಲಿಸಿದವರು ನೀವು. ಎರಡು ಶೆಡ್ಡಿನ ನಡುವಿನ ಸಂದಿಯಲ್ಲಿ ಟ್ರಾಲಿಯನ್ನು ಹಿಂದಕ್ಕೆ ಬಿಡುವುದು ಊರಲ್ಲಿ ಯಾರಿಗೂ ಬರುತ್ತಿರಲಿಲ್ಲ. ನೀವು ಹಿಂದೆ ನಿಂತು ಹೆಗಲ ಮೇಲಿನ ಟವೆಲ್ ತೆಗೆಯುತ್ತಿದ್ದಿರಿ. ಕೆಳಗೆ ಬಡಿದರೆ ನಿಲ್ಲಬೇಕು, ಎದೆಯ ಕಡೆ ಎಳೆದುಕೊಂಡರೆ ಬರಬೇಕು. ನಾನು ಹೆದರಿ ಹೊರಳಿ ನೋಡಿದರೆ ಬೈಯುತ್ತಿದ್ದಿರಿ. "ಹಿಂದ ನೋಡಬ್ಯಾಡ ಲೇ, ನನ್ನ ಟವೆಲ್ ನೋಡು! ಬರ್ಲಿ, ಬರ್ಲಿ, ಹಂಗs ಬರ್ಲಿ!" ಕನ್ನಡಿಯಲ್ಲಿ ಆ ಟವೆಲ್ ಒಂದನ್ನೇ ನೋಡುತ್ತ ಬಿಡುತ್ತಿದ್ದೆ. ಒಂದು ಸಲವೂ ಟ್ರಾಲಿ ಕಂಬಕ್ಕೆ ತಾಗಲಿಲ್ಲ.

ಆ ಭಾನುವಾರ ಎರಡನೆಯ ಸಲ ಇಳಿಯಲು ಬಂದಾಗ ಗಾಳಿ ಕೆಟ್ಟಿತ್ತು. ಶಿವಾಜಿ ಸರ್ ರೇಡಿಯೋದಲ್ಲಿ ಗೋ ಅರೌಂಡ್ ಅಂದರು. ಮತ್ತೆ ಅಂದರು. ಚೆನ್ನಾಗಿ ಕೇಳಿಸಿತು. ಕೈ ಆಗಲೇ ಮೇಲೇರಲು ಸಿದ್ಧವಾಗಿತ್ತು. ಅಷ್ಟರಲ್ಲಿ ಬೇಲಿಯಾಚೆ ಬಿಳಿ ಟವೆಲ್ ಕಂಡಿತು. ಎಲ್ಲರಿಗಿಂತ ಮುಂದೆ ನಿಂತು, ಎದೆಯ ಕಡೆ ಎಳೆದುಕೊಳ್ಳುತ್ತಿದ್ದಿರಿ. ಬರ್ಲಿ, ಬರ್ಲಿ.

ನಾನು ರೇಡಿಯೋ ಬಿಟ್ಟು ಟವೆಲ್ಲಿನ ಮಾತು ಕೇಳಿದೆ. ಇಪ್ಪತ್ತೆರಡು ವರ್ಷದವಳು, ವಿಮಾನ ಹಾರಿಸಲು ಕಲಿತವಳು, ಟ್ರಾಲಿ ಬಿಟ್ಟ ಹಾಗೆ ಬಿಟ್ಟೆ. ತಪ್ಪು ನನ್ನದೇ. ಹೇಳಿಕೆಯಲ್ಲಿ ಟವೆಲ್ ವಿಷಯ ಬರೆದಿಲ್ಲ, ಬರೆಯುವುದೂ ಇಲ್ಲ. ನಿಮಗೂ ಹೇಳಬಾರದು ಅಂತಿದ್ದೆ. ಆದರೆ ನೀವು ಚಕ್ರ ಸವೆದಿತ್ತು, ಮಾಸ್ತರ ನೋಡಲಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೀರಿ. ಆ ಮನುಷ್ಯ ನನ್ನ ಜೀವ ಉಳಿಸಲು ಒದರುತ್ತಿದ್ದರು, ಅವರ ಕೆಲಸಕ್ಕೇ ಈಗ ಕುತ್ತು ಬಂದಿದೆ. ಅಪ್ಪಾಜಿ, ಇನ್ನು ತಡೆಯಲಾರೆ.

ಶಾಂಭವಿ


ಹಾಸ್ಟೆಲ್
6 ಮೇ 2024

ಅಪ್ಪಾಜಿ,

ಉತ್ತರ ಬಂದಿಲ್ಲ. ಅವ್ವನಿಗೆ ಫೋನು ಮಾಡಿದೆ. "ನಿಮ್ಮಪ್ಪ ಆರಾಮ ಅದಾರ, ಉಂಡಾರ, ಮಾತು ಕಡಿಮಿ ಮಾಡ್ಯಾರ" ಅಂದಳು. ನಿಮ್ಮ ಮಾತು ಕಡಿಮೆಯಾಗಿದೆ ಅಂದರೆ ಆರಾಮ ಇಲ್ಲ ಅಂತ ನನಗೆ ಗೊತ್ತು.

ಬೈಯುವುದಿದ್ದರೆ ಬೈದು ಬರೆಯಿರಿ. ಸುಮ್ಮನಿರಬೇಡಿ. ದೂರು ಹಾಗೇ ಇದೆ. ದಿನಗಳು ಹೋಗುತ್ತಿವೆ.

ಶಾಂಭವಿ


ಬಿಜ್ಜರಗಿ, ಶೆಡ್ಡಿನಿಂದ
22 ಮೇ 2024

ಮಗಳು ಶಾಂಭವಿಗೆ,

ಮೊನ್ನೆ ಸಂಜೆ ದೊಡ್ಡ ಗಾಳಿ ಎದ್ದು ಪಡುವಣ ಶೆಡ್ಡಿಗೆ ನೆರಳಿಗೆಂದು ಕಟ್ಟಿದ ಹಸಿರು ಜಾಳಿಗೆ ಹರಿದು ಹೋಯಿತು. ಅರ್ಧ ಜಾಳಿಗೆ ಬೇವಿನ ಗಿಡಕ್ಕೆ ಸಿಕ್ಕಿಕೊಂಡಿದೆ, ಇನ್ನರ್ಧ ಎಲ್ಲಿದೆಯೋ ಗೊತ್ತಿಲ್ಲ. ಗಾಳಿಯ ಮೇಲೆ ತಪ್ಪು ಹೊರಿಸಬೇಡ ಅಂತ ಬರೆದಿದ್ದೆ. ಹೊರಿಸಿಕೋ, ಅಡ್ಡಿಯಿಲ್ಲ.

ದೂರು ವಾಪಸ್ ತೆಗೆದುಕೊಂಡಿದ್ದೇನೆ. ಸಂಗನಬಸವ ಬಹಳ ಕುಣಿದಾಡಿದ. "ಗೆದ್ದ ಕೇಸ್ ಐತಿ ಕಾಕಾ!" ಅಂದ. ನಿನ್ನ ಕಾಗದ ಅವನಿಗೆ ತೋರಿಸಿಲ್ಲ. ನಿಮ್ಮವ್ವನಿಗೂ ಓದಿ ಹೇಳಿಲ್ಲ. ಕುಂಕುಮ, ವಿಭೂತಿ ಇಡುವ ಗೂಡಿನಲ್ಲಿ ಇಟ್ಟಿದ್ದೇನೆ. ಆ ಮಾಸ್ತರರಿಗೂ ಒಂದು ಕಾಗದ ಹಾಕಿದ್ದೇನೆ. ಅದರಲ್ಲಿ ಏನು ಬರೆದೆ ಅಂತ ನೀನು ಅವರನ್ನು ಕೇಳಬೇಡ.

ಕೊನೆಯ ಮಾಲು ಹೇರಲು ಅಶ್ಫಾಕ ಟ್ರಾಲಿ ತಂದ. ಸಂದಿಯೊಳಗೆ ಹಿಂದಕ್ಕೆ ಬಿಡಬೇಕಿತ್ತು. ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. "ಸಾವ್ಕಾರ್ರ, ಏಳ್ರಿ, ಟವೆಲ್ ಬೀಸ್ರಿ" ಅಂದ. "ನೀನs ಇಳಿದು ನೋಡ್ಕೊಂಡು ಬಿಡು" ಅಂದೆ. ಅವನಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಇಳಿದು ನೋಡಲು ನಾನೇ ಬಿಟ್ಟಿಲ್ಲವಲ್ಲ. ಬಿಟ್ಟ, ಮೂಲೆಯ ಕಂಬಕ್ಕೆ ಹೊಡೆದ, ಕಂಬ ಮುರಿಯಿತು. ನಾನು ಟವೆಲ್ ಬೀಸದಿದ್ದರೆ ಕಂಬ ಮುರಿಯುತ್ತದೆ, ಬೀಸಿದರೆ ವಿಮಾನ ಮುರಿಯುತ್ತದೆ. ಮನುಷ್ಯ ಏನು ಮಾಡಬೇಕು ಹೇಳು.

ಅವತ್ತು ನೀನು ಮೊದಲ ಸಲ ಇಳಿಯದೆ ಮೇಲೆ ಹೋದಾಗ ನಿಮ್ಮ ಅತ್ತಿ ಎಲ್ಲರಿಗೂ ಕೇಳುವ ಹಾಗೆ "ಇಳಸಾಕ ಬರವಲ್ದೇನ ಇಕಿಗಿ?" ಅಂದಳು. ಹಿಂದೆ ಯಾರೋ ನಕ್ಕರು. ನನ್ನ ಮಗಳಿಗೆ ಬರುವುದಿಲ್ಲ ಅನ್ನುವ ಮಾತು ನನ್ನ ಕಿವಿಗೆ ಅವತ್ತಿನ ತನಕ ಬಿದ್ದಿರಲಿಲ್ಲ. ಟವೆಲ್ ಯಾವಾಗ ಕೈಗೆ ಬಂತೋ ನನಗೇ ಗೊತ್ತಾಗಲಿಲ್ಲ. ಅಷ್ಟು ಎತ್ತರದಿಂದ ನೀನು ನೋಡುತ್ತೀ ಅಂತಲೂ ಅಂದುಕೊಂಡಿರಲಿಲ್ಲ. ವಿಮಾನ ಮೂತಿ ಬಡಿದಾಗ ಗೊತ್ತಾಯಿತು, ನೀನು ನೋಡಿದ್ದೀ ಅಂತ. ಅವತ್ತೇ ಗೊತ್ತಾಯಿತು.

ಇನ್ನು ಇದರ ಬಗ್ಗೆ ನಾನು ಬರೆಯುವುದಿಲ್ಲ.

ಅಪ್ಪ


ಹಾಸ್ಟೆಲ್
29 ಮೇ 2024

ಅಪ್ಪಾಜಿ,

ಜೂನ್ ಎಂಟು, ಶನಿವಾರ, ಪರೀಕ್ಷೆಯ ಹಾರಾಟ. ಹೊರಗಿನಿಂದ ಪರೀಕ್ಷಕರೊಬ್ಬರು ಬರುತ್ತಾರೆ, ಪಕ್ಕದಲ್ಲಿ ಕೂರುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ಏರುವುದು, ಇಳಿಯುವುದು, ನಿರ್ಧಾರ, ಎಲ್ಲ ನನ್ನದೇ. ಈ ಸಲ ತಪ್ಪಿದರೆ ಇನ್ನೊಂದು ಅವಕಾಶ ಇಲ್ಲ. ಕಟ್ಟೆಯ ಮೇಲೆ ಕೂತು ಕೂತು ಕೈ ಮರೆತಿದೆಯೇನೋ ಅಂತ ಭಯ. ಈ ಬಾರಿ ಗಾಳಿಯೂ ಬೇಗ ಜೋರಾಗಿದೆ. ದಿನವಿಡೀ ರನ್‌ವೇ ಬದಿಯಲ್ಲಿ ದಿಕ್ಕು ತೋರಿಸುವ ಗಾಳಿಚೀಲ ಉಬ್ಬಿಕೊಂಡು ಅಡ್ಡಕ್ಕೇ ನಿಂತಿರುತ್ತದೆ. ಅದನ್ನು ನೋಡಿ ನೋಡಿ ಸಿಟ್ಟು ಬರುತ್ತದೆ.

ಬರಬೇಡಿ ಅನ್ನುವುದಿಲ್ಲ. ಬನ್ನಿ ಅಂತಲೂ ಅನ್ನಲಾರೆ. ನೀವು ಬೇಲಿಯ ಹತ್ತಿರ ಇದ್ದರೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ, ಅದೇ ನನ್ನ ಕಷ್ಟ.

ಶಾಂಭವಿ


ತಿಕೋಟಾ
10 ಜೂನ್ 2024

ಮಗಳು ಶಾಂಭವಿಗೆ ಅಪ್ಪನ ಆಶೀರ್ವಾದ.

ಫೋನಿನಲ್ಲಿ "ಆರಾಮ ಇಳಿದಿಯೇನು?" ಅಂತ ನಾನು ಕೇಳಿದೆ, "ಹ್ಞೂಂ ಅಪ್ಪಾಜಿ" ಅಂತ ನೀನು ಅಂದೆ, ಅಷ್ಟರಲ್ಲಿ ನಿಮ್ಮವ್ವ ಕಸಿದುಕೊಂಡಳು. ಉಳಿದದ್ದು ಇಲ್ಲಿ ಬರೆಯುತ್ತೇನೆ.

ನಾವು ಬಂದಿದ್ದೆವು. ಹೇಳದೆ ಬಂದಿದ್ದೆವು. ನಾನು, ನಿಮ್ಮವ್ವ, ಗಾಡಿ ಹೊಡೆಯಲು ಅಶ್ಫಾಕ. ಮೂರೇ ಮಂದಿ ಅಂತ ಹೊರಟರೆ ನಿಮ್ಮ ಅತ್ತಿ ಬಬಲೇಶ್ವರದಿಂದ ಮೊದಲ ಬಸ್ಸಿಗೇ ಬಂದು ಗಾಡಿಯಲ್ಲಿ ಕೂತುಬಿಟ್ಟಿದ್ದಳು. ಇಳಿ ಅನ್ನಲು ಬಾಯಿ ಬರಲಿಲ್ಲ. ಬೇಲಿಯಿಂದ ಬಹಳ ಹಿಂದೆ, ಜಾಲಿಗಿಡದ ಮರೆಯಲ್ಲಿ ನಿಂತೆವು. ನಿನಗೆ ಕಾಣಬಾರದು ಅಂತ.

ನೀನು ಬಂದೆ. ರೆಕ್ಕೆ ಹೊಯ್ದಾಡಿತು. ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ದೇವರಾಣೆಗೂ ನಾನು ಕಳಿಸಿದ್ದಲ್ಲ. ನಿಮ್ಮವ್ವ ಟವೆಲ್ ಕಸಿದು ಮುಷ್ಟಿಯಲ್ಲಿ ಹಿಡಿದುಕೊಂಡಳು. ನಾನು ಆಕೆಗೆ ಏನೂ ಹೇಳಿರಲಿಲ್ಲ ನೋಡು. ಅವತ್ತು ನನ್ನ ಪಕ್ಕದಲ್ಲೇ ನಿಂತಿದ್ದವಳು, ಎಲ್ಲ ಗೊತ್ತಿದ್ದೇ ಇಷ್ಟು ದಿನ ಬಾಯಿ ಬಿಟ್ಟಿಲ್ಲ.

ನೀನು ಇಳಿಯದೆ ಮೇಲೆ ಹೋದೆ. ಸುತ್ತು ಹಾಕಿ ಬಂದೆ, ಮತ್ತೆ ಮೇಲೆ ಹೋದೆ. ನಿಮ್ಮ ಅತ್ತಿ ಶುರು ಮಾಡಿದಳು. "ಮತ್ತ ಹೋದಳ ನೋಡು! ಇಳಸಾಕ ಬರವಲ್ದೇನ—"

"ಸುಮ್ನಿರ ಚಂದ್ರಾ" ಅಂದೆ. "ಆಕಿಗಿ ಗೊತ್ತೈತಿ."

ಅಷ್ಟು ಜೋರಾಗಿ ಅಂದೆನಂತೆ, ಗೇಟಿನ ಕಾವಲುಗಾರ ಓಡಿ ಬಂದ. ನೀನು ಮೂರನೆಯ ಸಲ ಕೆಳಗೆ ಬರಲೇ ಇಲ್ಲ. ರೆಕ್ಕೆ ವಾಲಿಸಿ ಬಡಗಣ ದಿಕ್ಕಿಗೆ ಹೊರಟೆ. ಎಲ್ಲಿಗೆ ಹೊರಟೆ ಅಂತ ಮೊದಲು ನನಗೆ ತಿಳಿಯಲಿಲ್ಲ. ಶಿವಾಜಿ ಮಾಸ್ತರರು ರೇಡಿಯೋ ಹಿಡಿದೇ ನಮ್ಮ ಕಡೆ ಬಂದರು. ಜಾಲಿಗಿಡದ ಮರೆ ಅವರಿಗೇನೂ ಮರೆಯಾಗಿರಲಿಲ್ಲ. ಇಲ್ಲಿ ಇಳಿಯುವ ಗಾಳಿ ಅಲ್ಲ ಅಂತ ನೀನೇ ತೀರ್ಮಾನಿಸಿ ಬೇರೆ ಊರಿನ ರನ್‌ವೇಗೆ ಹೋಗುತ್ತಿದ್ದೀ, ಅಲ್ಲಿ ಗಾಳಿ ನೇರ ಇದೆ, ಅಂತ ಅವರ ಹಿಂದಿಯಲ್ಲಿ ತಿಳಿಸಿ ಹೇಳಿದರು. "ಇದೇ ಪರೀಕ್ಷೆ ಇತ್ತು ಸಾವ್ಕಾರ್" ಅಂದು ನನ್ನ ಕೈ ಹಿಡಿದರು. ದೂರು ಬರೆದ ಕೈಯನ್ನೇ ಹಿಡಿದರು. ಚಹಾ ಕುಡಿಯೋಣ ಬನ್ನಿ ಅಂದೆ.

ನಿನ್ನ ವಿಮಾನ ಸೊಳ್ಳೆಯಷ್ಟಾಗಿತ್ತು. ಆಗ ಬಾಯಿಗೆ ತಡೆಯಾಗಲಿಲ್ಲ. "ಹೋಗ್ಲಿ, ಹೋಗ್ಲಿ, ಹಂಗs ಹೋಗ್ಲಿ!" ಅಂತ ಒದರಿದೆ. ಬರ್ಲಿ ಬರ್ಲಿ ಅಂತ ಒದರಿಯೇ ರೂಢಿಯಾದ ಗಂಟಲು ನನ್ನದು.

ಅಷ್ಟು ದೂರ ಬಂದು ಮಗಳ ಮುಖ ನೋಡಲಿಲ್ಲ ಅಂತ ನಿಮ್ಮವ್ವ ದಾರಿಯುದ್ದಕ್ಕೂ ನನ್ನನ್ನು ಬೈದಳು. ನೀನು ಇಳಿದರೆ ಒಡೆಯಬೇಕು ಅಂತ ತಂದ ಕಾಯಿ ಹಾಗೇ ಉಳಿದಿತ್ತು. ವಾಪಸ್ ಒಯ್ಯಲು ಮನಸ್ಸಾಗಲಿಲ್ಲ. ಬೇಲಿಯ ಬುಡದ ಕಲ್ಲಿಗೆ ಒಡೆದೆ, ಇಳಿಯದೆ ಹೋದದ್ದಕ್ಕೇ ಒಡೆದೆ. ಕಾವಲುಗಾರನಿಗೆ, ಅಶ್ಫಾಕನಿಗೆ, ಮಾಸ್ತರರಿಗೆ ಹೋಳು ಕೊಟ್ಟೆ. ನಿಮ್ಮ ಅತ್ತಿಯೂ ತಿಂದಳು.

ಶೆಡ್ಡಿನ ಮುರಿದ ಕಂಬ ಬದಲಿಸಿದ್ದೇವೆ. ಅಶ್ಫಾಕ ಈಗ ಇಳಿದು ನೋಡಿಯೇ ಟ್ರಾಲಿ ಬಿಡುತ್ತಾನೆ, ಬಹಳ ತಡ ಮಾಡುತ್ತಾನೆ, ನನಗೆ ತಲೆ ಕೆಡುತ್ತದೆ.

ಮುಂದೆ ನೀನು ಹಾರುವಾಗ ಮತ್ತೆ ಬರುತ್ತೇನೆ. ಗಿಡದ ಮರೆಯಲ್ಲಿ ನಿಲ್ಲುವುದಿಲ್ಲ, ಬೇಲಿಯ ಹತ್ತಿರವೇ ನಿಲ್ಲುತ್ತೇನೆ. ನೀನು ನನ್ನ ಕಡೆ ನೋಡಬೇಡ.

ಅಪ್ಪ
ಶಿವಯೋಗೆಪ್ಪ